ಹವ್ಯಾಸಿ ಬಾನುಲಿಯೂ ಅದರ ಕಾವಲೂ

ನಮ್ಮ ಶಾಲೆಯ ಕ್ರೀಡಾದಿನದಂದು ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಓಟ ಹೊರಡುವ ಗೆರೆಯಲ್ಲಿ ನಿಂತವರಿಗೂ ಮುಗಿಯುವ ಗೆರೆಯಲ್ಲಿ ನಿಂತವರಿಗೂ ಮಾತಿನ ಸಂಪರ್ಕವಿರಲೆಂದು ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಎರಡು ವಾಕಿಟಾಕಿ ಯಂತ್ರಗಳನ್ನು ತಂದಿದ್ದರು. ಅಂತರಜಾಲದ ಅಂಗಡಿಯೊಂದರಿಂದ ತರಿಸಿದ್ದವು, ಬೆಲೆಯೂ ಹೆಚ್ಚಿನದಲ್ಲ. ವಿಜ್ಞಾನದ ಉಪಾಧ್ಯಾಯನಾದ ನಾನೇ ಸಂತೋಷದಿಂದ ಒಪ್ಪಿಗೆ ಕೊಟ್ಟೆನು. ಬೆಳಗಿನ ಹೊತ್ತೆಲ್ಲ ಯಂತ್ರಗಳು ಚೆನ್ನಾಗಿಯೇ ನಡೆದುವು. ಮಧ್ಯಾಹ್ನ, ಉದ್ದ ಜಿಗಿತದ ಸ್ಪರ್ಧೆ ನಡೆಯುತ್ತಿದ್ದಾಗ, ನಮ್ಮವರದಲ್ಲದ ಒಂದು ದನಿ ಅವುಗಳಲ್ಲಿ ಕೇಳಿಬಂದಿತು. ವಯಸ್ಸಾದವರ ದನಿ, ಇಂಗ್ಲಿಷಿನಲ್ಲಿ, ಬಹು ಸೌಜನ್ಯದಿಂದ, “ತಮ್ಮ ಕರೆಸಂಕೇತವೇನು?” ಎಂದು ವಿಚಾರಿಸಿತು. ಹುಡುಗರು ನಕ್ಕರು. ಎರಡನೆಯ ಸಲ ಕೇಳಿದಾಗ ಒಬ್ಬನು ಚಲನಚಿತ್ರದ ಖಳನಾಯಕನ ಧಾಟಿಯಲ್ಲಿ ಉತ್ತರ ಕೊಟ್ಟನು. ದನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಹಿಂದಿಯಲ್ಲಿ, “ಮಕ್ಕಳೇ, ಹತ್ತಿರ ಹಿರಿಯರು ಯಾರಾದರೂ ಇದ್ದರೆ ಯಂತ್ರವನ್ನು ಅವರ ಕೈಗೆ ಕೊಡಿ” ಎಂದಿತು.

ಯಂತ್ರವು ನನ್ನ ಕೈಗೆ ಬಂದಿತು. ನಾವು ಮಾತನಾಡುತ್ತಿದ್ದುದು 145 ಮೆಗಾಹರ್ಟ್ಸಿನ ಆಸುಪಾಸಿನಲ್ಲೆಂದೂ, ಅದು ಪರವಾನಗಿ ಪಡೆದ ಹವ್ಯಾಸಿಗಳಿಗೆ ಬಿಟ್ಟ ಪಟ್ಟಿಯೆಂದೂ, ಕೂಡಲೇ ಆರಿಸಬೇಕೆಂದೂ ಅವರು ತಿಳಿಸಿದರು. “ಉತ್ತರ ಕೊಡಬೇಡಿ, ಕೊಟ್ಟರೆ ಅದೂ ಒಂದು ತಪ್ಪಾಗುತ್ತದೆ” ಎಂದು ಕೊನೆಗೆ ಸೇರಿಸಿದರು. ನಾನು ಉತ್ತರ ಕೊಡದೆ ಗುಂಡಿಯನ್ನು ತಿರುಗಿಸಿ ಆರಿಸಿದೆನು. ನಿಯಮವನ್ನು ಕಟ್ಟುನಿಟ್ಟಾಗಿ ನೋಡಿದರೆ ಅವರು ನಮ್ಮೊಡನೆ ಮಾತನಾಡುವಂತೆಯೂ ಇರಲಿಲ್ಲವೆಂಬುದು ನನಗೆ ತಿಳಿದದ್ದು ಆಮೇಲೆ. ಹವ್ಯಾಸಿಯು ಅಧಿಕೃತ ಹವ್ಯಾಸಿ ಕೇಂದ್ರಗಳೊಡನೆ ಮಾತ್ರ ಸಂಭಾಷಿಸತಕ್ಕದ್ದು.

ನಾನು ವಾಸಿಸುವುದು ಕುಷಾಯಿಗೂಡದಲ್ಲಿ. ಹೈದರಾಬಾದಿನ ಈಶಾನ್ಯಕ್ಕಿರುವ ಈ ಬಡಾವಣೆಯ ಹೆಸರು ಹೇಳಿದರೆ ಸಾಮಾನ್ಯರಿಗೆ ನೆನಪಾಗುವುದು ಇ. ಸಿ. ಐ. ಎಲ್. ಕಾರ್ಖಾನೆ. 1967ರಲ್ಲಿ ಡಾ. ಎ. ಎಸ್. ರಾವ್ ಅವರ ಮುಂದಾಳುತನದಲ್ಲಿ ಹುಟ್ಟಿದ ಆ ಸಂಸ್ಥೆಯಿಂದಾಗಿ ಸುತ್ತಲಿನ ಚೌಕಕ್ಕೆ ಅದರದೇ ಹೆಸರು ಬಂದಿದೆ. ಪಕ್ಕದ ಬಡಾವಣೆಗೆ ರಾವ್ ಅವರ ಹೆಸರು ಬಂದಿದೆ. ಆದರೆ ಇದೇ ಕುಷಾಯಿಗೂಡದಲ್ಲಿ ಕೇಂದ್ರ ಸರಕಾರದ ನಿಸ್ತಂತು ಆಲಿಕೆ ನಿಲಯವೊಂದು ಉಂಟೆಂಬುದು ನೆರೆಯವರಲ್ಲಿಯೂ ಎಲ್ಲರಿಗೆ ತಿಳಿದಿಲ್ಲ. ಆಕಾಶವಾಣಿಯ ನಿಲಯವು ಮಾತನಾಡುತ್ತದೆ, ನಾವು ಕೇಳುತ್ತೇವೆ. ಇದಾದರೋ ಮಾತನಾಡುವುದಿಲ್ಲ, ಕೇಳುವುದೇ ಇದರ ಕಸುಬು. ಯಾವ ಪ್ರೇಷಕ ಯಂತ್ರವು ತನಗೆ ಗೊತ್ತುಮಾಡಿದ ಆವರ್ತನದಲ್ಲಿಯೇ ನಿಂತಿದೆ, ಯಾವುದು ಜಾರಿದೆ, ಯಾರ ಮಾತು ಯಾರ ಮೇಲೆ ಬಿದ್ದು ತೊಡಕಾಗಿದೆ, ಗುರುತು ಹೇಳದೆ ಮಾತನಾಡುವವರು ಯಾರು, ಎಂಬುದನ್ನು ಅಳೆದು ಬರೆದಿಡುವುದು ಅಲ್ಲಿಯ ಕೆಲಸ. ಇಂತಹ ನಿಲಯಗಳು ದೇಶದ ಹಲವು ನಗರಗಳಲ್ಲಿವೆ. ಅವುಗಳನ್ನು ನಡೆಸುವ ಸಂಘಟನೆಯು 1952ರಲ್ಲಿ ಸ್ಥಾಪಿತವಾಯಿತು. ಕ್ರೀಡಾದಿನದ ಸಂಜೆ ಮನೆಗೆ ಹಿಂದಿರುಗುವಾಗ, ಈ ನಿಲಯದ ನೆರೆಯಲ್ಲಿ ವರ್ಷಗಟ್ಟಲೆ ವಾಸಿಸಿಯೂ ನನ್ನ ವಿದ್ಯಾರ್ಥಿಗಳಿಗೆ ಇಷ್ಟನ್ನು ಹೇಳಿಕೊಡಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಈ ಲೇಖನ ಆ ಬಾಕಿಯ ಸಂದಾಯ.

ಬಾನುಲಿಯ ಅಲೆಗಳು ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರಿನಂತೆ, ಸಾಗುತ್ತವೆ. ಸೆಕೆಂಡಿಗೆ ಎಷ್ಟು ಸಲ ಅಲೆ ಏರಿಳಿಯುವುದೋ ಅದು ಆವರ್ತನ. ಮುನ್ನೂರನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದವು ಮೀಟರುಗಳಲ್ಲಿ ದೊರೆಯುತ್ತದೆ. 145ಕ್ಕೆ ಈ ಲೆಕ್ಕ ಮಾಡಿ ನೋಡಿ: ಎರಡು ಮೀಟರಿಗೆ ತುಸು ಹೆಚ್ಚು. ಆದುದರಿಂದಲೇ ಹವ್ಯಾಸಿಗಳು ಅದನ್ನು ಎರಡು ಮೀಟರಿನ ಪಟ್ಟಿಯೆನ್ನುತ್ತಾರೆ. ಹೀಗೆಯೇ 7 ಮೆಗಾಹರ್ಟ್ಸಿನದು ನಲವತ್ತು ಮೀಟರಿನ ಪಟ್ಟಿ, 14ರದು ಇಪ್ಪತ್ತು ಮೀಟರಿನ ಪಟ್ಟಿ. ಒಂದೇ ಆವರ್ತನದಲ್ಲಿ ಒಂದೇ ಪ್ರದೇಶದಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಇಬ್ಬರದೂ ಕೆಡುತ್ತದೆ. ಅಥವಾ ಬಲವಾದುದು ಉಳಿದು ಕ್ಷೀಣವಾದುದು ಅಳಿಯುತ್ತದೆ. ಆದಕಾರಣ ರಾಷ್ಟ್ರಗಳೆಲ್ಲ ಸೇರಿ ಜಿನೀವದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮೂಲಕ ಈ ಆವರ್ತನಗಳನ್ನು ಹಂಚಿಕೊಂಡಿವೆ: ವಿಮಾನಗಳಿಗೆ ಇಷ್ಟು, ಹಡಗುಗಳಿಗೆ ಇಷ್ಟು, ಪ್ರಸಾರಕ್ಕೆ ಇಷ್ಟು, ಪೊಲೀಸರಿಗೆ ಇಷ್ಟು ಎಂದು.

ಹಳ್ಳಿಯ ಜಮೀನಿಗೆ ಸರ್ವೆ ನಂಬರುಗಳಿರುವಂತೆಯೇ ಇದು. ಊರಿನ ಜಮೀನೆಲ್ಲ ಯಾರಾದರೊಬ್ಬರ ಖಾತೆಯಲ್ಲಿದ್ದರೂ, ಎಲ್ಲರ ದನಗಳೂ ಮೇಯಲೆಂದು ಗೋಮಾಳವನ್ನು ಬಿಡುವುದುಂಟಷ್ಟೆ? ಹವ್ಯಾಸಿ ಪಟ್ಟಿಗಳು ಬಾನುಲಿಯ ಗೋಮಾಳ. ಅಲ್ಲಿ ಯಾವ ಕೇಂದ್ರಕ್ಕೂ ಸ್ವಂತ ಆವರ್ತನವಿಲ್ಲ. ಬಿಡುವಿದ್ದಲ್ಲಿ ಬಂದು ಮಾತನಾಡಿ, ಮುಗಿದ ಮೇಲೆ ಬಿಟ್ಟುಹೋಗಬೇಕು. ಗೋಮಾಳಕ್ಕೆ ಗೋಡೆಯಿರುವುದಿಲ್ಲ. ಒತ್ತುವರಿ ಮಾಡುವವನಿಗೆ ಅದಕ್ಕಿಂತ ಸುಲಭವಾದ ನೆಲವೂ ಇಲ್ಲ.

ಈ ಪಟ್ಟಿಗಳನ್ನು ಪ್ರವೇಶಿಸಲು ನಮ್ಮ ದೇಶದಲ್ಲಿ ಒಂದು ಪರೀಕ್ಷೆ ಉಂಟು. ವಿದ್ಯುತ್ತು ಮತ್ತು ಬಾನುಲಿಯ ತತ್ತ್ವಗಳು ಒಂದು ಭಾಗ; ಕಾಯಿದೆ ಮತ್ತು ಸಂಭಾಷಣೆಯ ಕ್ರಮ ಇನ್ನೊಂದು ಭಾಗ. ಉತ್ತೀರ್ಣನಾದವನಿಗೆ ಪರವಾನಗಿಯೂ ಕರೆಸಂಕೇತವೂ ದೊರೆಯುತ್ತವೆ. ಭಾರತದ ಹವ್ಯಾಸಿಗಳ ಸಂಕೇತವು ಸಾಮಾನ್ಯವಾಗಿ ವಿ ಯು ಎರಡು ಅಥವಾ ವಿ ಯು ಮೂರು ಎಂದು ಆರಂಭವಾಗಿ ಕೆಲವು ಅಕ್ಷರಗಳಲ್ಲಿ ಮುಗಿಯುವುದು. ಮಾತಿನ ಮೊದಲಲ್ಲಿಯೂ ಕೊನೆಯಲ್ಲಿಯೂ ಅದನ್ನು ಹೇಳಲೇಬೇಕು. ವ್ಯಾಪಾರದ ಮಾತು ಕೂಡದು, ಹಾಡು ಹಾಕಕೂಡದು, ಗುಪ್ತಭಾಷೆ ಕೂಡದು, ಸಾರ್ವಜನಿಕರಿಗೆಂದು ಪ್ರಸಾರ ಮಾಡಕೂಡದು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಆರಂಭಿಸಿದ ಆಕಾಶವಾಣಿಯು ಖಾಸಗಿಯಾದರೂ ಪ್ರಸಾರ ಕೇಂದ್ರ, ಹವ್ಯಾಸಿಯು ಅಂತಹುದಕ್ಕೆ ಕೈಹಾಕುವಂತಿಲ್ಲ. ಅವನು ಒಬ್ಬನು ಇನ್ನೊಬ್ಬನೊಡನೆ ಮಾತನಾಡುವವನು.

ಇಷ್ಟು ನಿರ್ಬಂಧ ಏಕೆಂದು ನಮ್ಮ ಹುಡುಗರು ಕೇಳಿದರು. ಅದಕ್ಕೆ 2004ನೆಯ ಇಸವಿಯ ಒಂದು ಸಂಗತಿಯನ್ನು ಹೇಳಿದೆನು.

ಹೈದರಾಬಾದಿನಲ್ಲಿ 1983ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯು ಆ ವರ್ಷ ಡಿಸೆಂಬರಿನಲ್ಲಿ ಅಂಡಮಾನಿಗೆ ಒಂದು ತಂಡವನ್ನು ಕಳುಹಿಸಿತ್ತು. ಆ ದ್ವೀಪಗಳಿಂದ ಹವ್ಯಾಸಿ ಬಾನುಲಿಗೆ ಬಹು ವರ್ಷಗಳಿಂದ ಅನುಮತಿ ಇರಲಿಲ್ಲವಾದುದರಿಂದ, ಪ್ರಪಂಚದ ಹವ್ಯಾಸಿಗಳೆಲ್ಲ ಪೋರ್ಟ್‌ಬ್ಲೇರಿನ ದನಿಗಾಗಿ ಕಾತರರಾಗಿದ್ದರು. ತಂಡದ ಮುಂದಾಳು ಶ್ರೀಮತಿ ಭಾರತಿ ಪ್ರಸಾದ್. ಡಿಸೆಂಬರ್ 26ರ ಬೆಳಗಿನ ಜಾವ ಅವರು ಯಂತ್ರದ ಮುಂದೆ ಕುಳಿತಿದ್ದಾಗಲೇ ಭೂಮಿ ನಡುಗಿತು. ಹಿಂದೆಯೇ ಸುನಾಮಿ ಬಂದಿತು. ದೂರವಾಣಿಯೂ ವಿದ್ಯುತ್ತೂ ಕೆಟ್ಟುನಿಂತಾಗ ತಂಡದವರು ತಮ್ಮ ಕೇಂದ್ರವನ್ನು ಪುನಃ ಹೂಡಿ ಮುಖ್ಯ ಭೂಮಿಯೊಡನೆ ಸಂಪರ್ಕ ಸಾಧಿಸಿದರು. ಅನಂತರದ ದಿನಗಳಲ್ಲಿ ಬದುಕಿದವರ ಹೆಸರುಗಳು, ಹುಡುಕುವವರ ಪ್ರಶ್ನೆಗಳು, ಅಧಿಕಾರಿಗಳ ಸಂದೇಶಗಳು ಆ ಸಣ್ಣ ಯಂತ್ರದ ಮೂಲಕ ಸಾಗಿದುವು.

ಹ್ರಸ್ವತರಂಗದಲ್ಲಿ ನೂರು ವ್ಯಾಟಿನಷ್ಟು ಶಕ್ತಿ, ಎಂದರೆ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು, ಸಾವಿರಾರು ಮೈಲಿ ಹೋಗಬಲ್ಲದು. ಆದರೆ ತಲಪುವಾಗ ಅದು ಪಿಸುಮಾತಿಗಿಂತ ಕ್ಷೀಣವಾಗಿರುತ್ತದೆ. ಕೇಳುವವನು ಉಸಿರು ಬಿಗಿಹಿಡಿದು, ಕಿವಿಗೊಟ್ಟು, ಅಕ್ಷರ ಅಕ್ಷರವಾಗಿ ಬರೆದುಕೊಳ್ಳಬೇಕಾಗುತ್ತದೆ. ಅದೇ ಹೊತ್ತಿಗೆ ಅದೇ ಜಾಗದಲ್ಲಿ ಮದುವೆ ಮಂಟಪದ ಕಾವಲುಗಾರನೊಬ್ಬನು ತನ್ನ ಯಂತ್ರದಲ್ಲಿ ಊಟದ ಪಂಕ್ತಿಯ ಲೆಕ್ಕ ಹೇಳುತ್ತಿದ್ದರೆ? ಅವನ ಮನಸ್ಸಿನಲ್ಲಿ ಯಾವ ಕೇಡೂ ಇರುವುದಿಲ್ಲ. ತಾನು ಯಾರ ದನಿಯನ್ನು ತುಳಿದೆನೆಂಬುದು ಅವನಿಗೆ ತಿಳಿಯುವುದೂ ಇಲ್ಲ. ಪರವಾನಗಿಯಿಲ್ಲದ ಮಾತಿನ ಕಷ್ಟ ಇರುವುದು ಇಲ್ಲಿಯೇ. ನೆಲದ ಮೇಲೆ ಒತ್ತುವರಿ ಮಾಡುವವನಿಗೆ ಎದುರಿಗೆ ಒಬ್ಬ ಮನುಷ್ಯನು ಕಾಣಿಸುತ್ತಾನೆ. ಇಲ್ಲಿ ಯಾರೂ ಕಾಣಿಸುವುದಿಲ್ಲ.

ಹಾಗಾದರೆ ಕಾಣದವನನ್ನು ಹಿಡಿಯುವ ಬಗೆ ಹೇಗೆ? ತಂತಿಯನ್ನು ಚೌಕಟ್ಟಿಗೆ ಸುತ್ತಿ ಮಾಡಿದ ಆಂಟೆನಾ ಒಂದನ್ನು ಗ್ರಾಹಕ ಯಂತ್ರಕ್ಕೆ ಜೋಡಿಸಿ, ಚೌಕಟ್ಟನ್ನು ಮೆಲ್ಲನೆ ತಿರುಗಿಸಿದರೆ ದನಿಯು ಏರಿ ಇಳಿಯುತ್ತದೆ. ಚೌಕಟ್ಟಿನ ಅಂಚು ಪ್ರೇಷಕದ ಕಡೆಗಿದ್ದಾಗ ದನಿ ಪ್ರಬಲ. ಅದರ ಅಗಲ ಮೈ ಆ ಕಡೆಗಿದ್ದಾಗ ಬಹುತೇಕ ಮೌನ. ಪ್ರಬಲವಾದ ಸ್ಥಾನವನ್ನಲ್ಲ, ಮೌನದ ಸ್ಥಾನವನ್ನೇ ಗುರುತಿಗೆ ಹಿಡಿಯುತ್ತಾರೆ. ಏಕೆಂದರೆ ಹೆಚ್ಚು ದನಿಯು ಇನ್ನಷ್ಟು ಹೆಚ್ಚಾಯಿತೆ ಎಂದು ಕಿವಿ ನಿಖರವಾಗಿ ಹೇಳಲಾರದು. ದನಿ ಆರಿಹೋದ ಕ್ಷಣವನ್ನು ಥಟ್ಟನೆ ಹೇಳಬಲ್ಲದು. ಆ ದಿಕ್ಕಿಗೆ ಭೂಪಟದ ಮೇಲೆ ಒಂದು ಗೆರೆ ಎಳೆಯಬೇಕು. ಒಂದು ಗೆರೆ ದಿಕ್ಕನ್ನಷ್ಟೇ ಹೇಳುತ್ತದೆ, ದೂರವನ್ನು ಹೇಳುವುದಿಲ್ಲ. ಇನ್ನೊಂದು ಊರಿನ ನಿಲಯವು ತನ್ನ ಗೆರೆಯನ್ನು ಎಳೆದಾಗ ಎರಡೂ ಕೂಡುವ ಕಡೆ ಅಪರಾಧಿ ಇರಬೇಕು. ಮೂರನೆಯ ಗೆರೆ ಬಂದರೆ ಸಣ್ಣದೊಂದು ತ್ರಿಭುಜವಾಗುವುದು. ಗಣಿತದ ತರಗತಿಯಲ್ಲಿ ಕೋನಮಾಪಕವನ್ನು ಹಿಡಿದು ಬೇಸರಪಡುವವರು ಇದನ್ನು ಗಮನಿಸಬಹುದು.

ಹೇಳಿದಷ್ಟು ಸುಲಭವಲ್ಲ. ಹ್ರಸ್ವತರಂಗಗಳು ಮೇಲಣ ವಾತಾವರಣದ ವಿದ್ಯುತ್ಕಣಗಳ ಪದರದಿಂದ ಬಾಗಿ ಮರಳಿ ನೆಲಕ್ಕೆ ಬರುತ್ತವಾದುದರಿಂದ, ಸಾವಿರ ಮೈಲಿ ದೂರದವರಿಗೆ ಕೇಳುವ ದನಿ ನೂರು ಮೈಲಿಯವರಿಗೆ ಕೇಳದಿರಬಹುದು. ಎರಡು ಮೀಟರಿನ ಕೈಯಂತ್ರದ ತೊಡಕು ಬೇರೆ: ಅದು ಕೆಲವು ಮೈಲಿಗಳಾಚೆ ತಲಪುವುದೇ ಇಲ್ಲ, ನಗರದಲ್ಲಾದರೆ ಎತ್ತರದ ಕಟ್ಟಡಗಳಿಗೆ ತಗುಲಿ ಚದುರಿ, ಇಲ್ಲದ ದಿಕ್ಕಿನಿಂದ ಬಂದಂತೆ ತೋರುತ್ತದೆ. ಕುಷಾಯಿಗೂಡದ ನಿಲಯವಾದರೂ ನಗರದ ಇನ್ನೊಂದು ಕೊನೆಯಲ್ಲಿ ಮಾಳಿಗೆಯ ಕೆಳಗೆ ಆಡಿದ ಪ್ರತಿಯೊಂದು ಮಾತನ್ನೂ ಕೇಳಲಾರದು. ಆಗ ಯಂತ್ರ ಕಟ್ಟಿದ ವಾಹನ ಹೊರಡಬೇಕು. ಕೊನೆಯ ಬೀದಿಯಲ್ಲಿ ಇಳಿದು ನಡೆಯಬೇಕು. ಆಗ ಮನುಷ್ಯನ ಮೈಯೇ ಉಪಕರಣವಾಗುತ್ತದೆ. ಕೈಗ್ರಾಹಕವನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ಸುತ್ತಿದರೆ, ಬೆನ್ನು ಪ್ರೇಷಕದ ಕಡೆಗೆ ತಿರುಗಿದಾಗ ಮೈ ಅಡ್ಡವಾಗಿ ದನಿ ಕುಗ್ಗುತ್ತದೆ. ಹವ್ಯಾಸಿಗಳು ಇದನ್ನೇ ‘ನರಿಬೇಟೆ’ ಎಂಬ ಆಟವನ್ನಾಗಿ ಮಾಡಿಕೊಂಡಿದ್ದಾರೆ. ಅಧಿಕೃತ ಪ್ರೇಷಕವೊಂದನ್ನು ಪೊದೆಯಲ್ಲಿ ಬಚ್ಚಿಟ್ಟು, ಯಾರು ಮೊದಲು ಕಂಡುಹಿಡಿಯುವರೆಂದು ಪಂದ್ಯ. ಈ ಆಟದಲ್ಲಿ ಪಳಗಿದ ಕಿವಿಗಳು ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತವೆ.

ಈ ಭಾಗವನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಉಷಾ ಮೆಹತಾ ಅವರು ಮಾಡಿದ್ದೂ ಪರವಾನಗಿಯಿಲ್ಲದ ಬಾನುಲಿಯೇ ಅಲ್ಲವೇ?” ಎಂದು ಕೇಳಿದಳು. ಪ್ರಶ್ನೆಗೆ ಆ ಗಳಿಗೆಯಲ್ಲಿ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ರಾತ್ರಿ ಕುಳಿತು ಓದಿ ಮರುದಿನ ಹೇಳಿದೆನು.

1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರಕಾರವು ಭಾರತದ ಹವ್ಯಾಸಿಗಳ ಪರವಾನಗಿಗಳನ್ನು ರದ್ದುಪಡಿಸಿ, ಪ್ರೇಷಕ ಯಂತ್ರಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿತು. ಪಟ್ಟಿಗಳು ಬರಿದಾದುವು. 1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಹೊತ್ತಿಕೊಂಡು ನಾಯಕರೆಲ್ಲ ಬಂದಿಗಳಾದಾಗ, ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷದ ಉಷಾ ಮೆಹತಾ ಮತ್ತು ಸಂಗಡಿಗರು ಕಾಂಗ್ರೆಸ್ ರೇಡಿಯೋ ಎಂಬ ಗುಪ್ತ ಕೇಂದ್ರವನ್ನು ನಡೆಸಿದರು. ಡಾ. ರಾಮಮನೋಹರ ಲೋಹಿಯಾ ಅವರಿಗೆ ಮಾರ್ಗದರ್ಶಕರು. ಕೇಂದ್ರವು ತನ್ನನ್ನು ಸಾರಿಕೊಂಡದ್ದು 42.34 ಮೀಟರುಗಳಲ್ಲಿ. ಮೇಲಿನ ಭಾಗಾಕಾರವನ್ನು ಮಾಡಿದರೆ ಅದು ಸುಮಾರು 7.08 ಮೆಗಾಹರ್ಟ್ಸ್ ಆಗುತ್ತದೆ. ಎಂದರೆ, ಹವ್ಯಾಸಿಗಳ ನಲವತ್ತು ಮೀಟರಿನ ಪಟ್ಟಿಯ ನಡುವೆಯೇ! ಯಂತ್ರವನ್ನು ಕಟ್ಟಿಕೊಟ್ಟ ತಂತ್ರಜ್ಞ ನಾರಿಮನ್ ಪ್ರಿಂಟರನೂ ಮೊದಲು ಹವ್ಯಾಸಿಯೇ.

ಪೊಲೀಸರ ಶೋಧಕ ವಾಹನ ಬೀದಿಗಳಲ್ಲಿ ತಿರುಗುತ್ತಿತ್ತು. ಇವರು ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತ, ಸ್ವಲ್ಪ ಹೊತ್ತು ಮಾತನಾಡಿ ಆರಿಸುತ್ತ, ಸುಮಾರು ಮೂರು ತಿಂಗಳು ತಪ್ಪಿಸಿಕೊಂಡರು. ಕಡೆಗೆ ಅವರನ್ನು ಹಿಡಿದುಕೊಟ್ಟದ್ದು ಆಂಟೆನಾದ ಗೆರೆಗಳು ಮಾತ್ರವಲ್ಲ. ಸೆರೆಸಿಕ್ಕ ಪ್ರಿಂಟರನು ಸ್ಥಳವನ್ನು ತೋರಿಸಿದನು. ನವೆಂಬರ್ 12ರಂದು ಕೇಂದ್ರವು ಪೊಲೀಸರ ವಶವಾಯಿತು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು, 1946ರಲ್ಲಿ ಬಿಡುಗಡೆಯಾದರು. 1998ರಲ್ಲಿ ಸ್ವತಂತ್ರ ಭಾರತವು ಅವರಿಗೆ ಪದ್ಮವಿಭೂಷಣವನ್ನು ಕೊಟ್ಟಿತು.

ಹುಡುಗಿಗೆ ನಾನು ಹೇಳಿದ್ದು ಇಷ್ಟೆ. ಅವರು ಕಾಯಿದೆಯನ್ನು ಅರಿತು ಮುರಿದರು, ಬೆಲೆಯನ್ನು ಅರಿತು ತೆತ್ತರು. ಅವರು ಯಾವ ಪಟ್ಟಿಯಲ್ಲಿ ಮಾತನಾಡಿದರೋ ಅಲ್ಲಿ ತುಳಿಯಲ್ಪಡುವ ಹವ್ಯಾಸಿಗಳಾರೂ ಉಳಿದಿರಲಿಲ್ಲ, ಏಕೆಂದರೆ ಆಳುವವರೇ ಎಲ್ಲರ ಬಾಯಿಯನ್ನೂ ಮುಚ್ಚಿಸಿದ್ದರು. ಇಂದಿನ ಸ್ಥಿತಿ ಬೇರೆ. 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಬಾನುಲಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿದೆ. ದೊರೆಯ ಬೇಲಿಯನ್ನು ಮುರಿಯುವುದೂ ನೆರೆಯವರ ಗೋಮಾಳವನ್ನು ಒತ್ತುವುದೂ ಒಂದೇ ಅಲ್ಲ. ಆದರೂ ಅವಳ ಮುಖದಲ್ಲಿ ಪೂರ್ತಿ ಸಮಾಧಾನ ಕಾಣಲಿಲ್ಲ. ಅದೂ ಒಳ್ಳೆಯದೇ.

ಒತ್ತುವರಿ ಮಾಡುವವರು ಬಡಪಾಯಿಗಳು ಮಾತ್ರವೆಂದು ತಿಳಿಯಬಾರದು. 1976ರಿಂದ 1989ರವರೆಗೆ ಸೋವಿಯತ್ ದೇಶದ ಒಂದು ಪ್ರಚಂಡ ರಡಾರ್ ಯಂತ್ರವು ಸೆಕೆಂಡಿಗೆ ಹತ್ತು ಸಲದಂತೆ ಟಕಟಕನೆ ಬಡಿಯುತ್ತ, ಹವ್ಯಾಸಿಗಳದನ್ನೂ ಒಳಗೊಂಡು ಹ್ರಸ್ವತರಂಗದ ಪಟ್ಟಿಗಳನ್ನೆಲ್ಲ ಕೆಡಿಸುತ್ತಿತ್ತು. ಕೇಳಿದವರು ಅದಕ್ಕೆ ಮರಕುಟಿಗವೆಂದು ಹೆಸರಿಟ್ಟರು. ಅದಕ್ಕೆ ಯಾವ ಊರಿನ ಪೊಲೀಸರು ಹೋಗಿ ನೋಟೀಸು ಕೊಟ್ಟಾರು?

ನಮ್ಮ ದೇಶದಲ್ಲಿ 1933ರ ನಿಸ್ತಂತು ಕಾಯಿದೆಯು ಪರವಾನಗಿಯಿಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಅನಂತರದ ತಿದ್ದುಪಡಿಯು ಪ್ರೇಷಕವನ್ನು ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆಯನ್ನೂ ಗೊತ್ತುಮಾಡಿತು. 2023ರಲ್ಲಿ ಹೊಸ ದೂರಸಂಪರ್ಕ ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿದೆ. ಕಾಯಿದೆಗೆ ಕೊರತೆಯಿಲ್ಲ. ಆದರೆ ಹುಡುಗನೊಬ್ಬನು ಮನೆಯಲ್ಲಿ ಕುಳಿತು ದುಡ್ಡು ಕಟ್ಟಿದರೆ ಯಂತ್ರವು ಬಾಗಿಲಿಗೆ ಬರುವುದಾದರೆ, ಮೊದಲ ತಪ್ಪು ಮಾರಿದವನದೆಂದು ನನಗೆ ತೋರುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂತರಜಾಲದ ಅಂಗಡಿಗಳಿಗೆ ಈ ವಿಷಯದಲ್ಲಿ ನೋಟೀಸು ಕೊಟ್ಟು, ವಾಕಿಟಾಕಿಗಳ ಮಾರಾಟಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿತು. ಯಂತ್ರವು ಯಾವ ಆವರ್ತನದ್ದು, ಪರವಾನಗಿ ಬೇಕೋ ಬೇಡವೋ ಎಂಬುದನ್ನು ಕೊಳ್ಳುವವನಿಗೆ ಸ್ಪಷ್ಟವಾಗಿ ತಿಳಿಸಬೇಕು. ತಡವಾಗಿ ಬಂದರೂ ಬೇಕಾಗಿದ್ದ ಕ್ರಮ.

ಇವೆಲ್ಲಕ್ಕಿಂತ ಹೆಚ್ಚಿನ ಕಾವಲು ನಡೆಯುತ್ತಿರುವುದು ಹವ್ಯಾಸಿಗಳ ಕಿವಿಯಿಂದಲೇ. 2016ರಲ್ಲಿ ಪಶ್ಚಿಮ ಬಂಗಾಳದ ಹವ್ಯಾಸಿಗಳು ಬಾಂಗ್ಲಾದೇಶದ ಗಡಿಯ ಕಡೆಯಿಂದ ರಾತ್ರಿವೇಳೆ ಬರುತ್ತಿದ್ದ ಸಂಕೇತದ ಮಾತುಗಳನ್ನು ಕೇಳಿ ಸರಕಾರಕ್ಕೆ ತಿಳಿಸಿದರು. ಕೋಲ್ಕತ್ತಾದ ಆಲಿಕೆ ನಿಲಯಕ್ಕೆ ಅದನ್ನು ಪತ್ತೆಹಚ್ಚುವ ಕೆಲಸ ಒಪ್ಪಿಸಲ್ಪಟ್ಟಿತು. ಅಧಿಕಾರಿಗಳಿಗೆ ಮೊದಲು ಹೇಳಿದವರು ಸಂಬಳವಿಲ್ಲದ ಕೇಳುಗರು. ಇಂತಹ ಸಂದರ್ಭಗಳಲ್ಲಿ ಹವ್ಯಾಸಿಗಳು ಅನುಸರಿಸುವ ಕ್ರಮ ಸರಳವಾದುದು. ಅಪರಿಚಿತನೊಡನೆ ಜಗಳಕ್ಕೆ ಹೋಗುವುದಿಲ್ಲ, ಅವನ ಮಾತಿನ ಮೇಲೆ ಮಾತು ಹೇರುವುದಿಲ್ಲ. ಹೇರಿದರೆ ಅದೂ ತೊಡಕೇ. ದಿನ, ಗಂಟೆ, ಆವರ್ತನ, ಭಾಷೆ, ಕೇಳಿದ ದಿಕ್ಕು, ಇವನ್ನು ಬರೆದಿಟ್ಟು ನಿಲಯಕ್ಕೆ ಕಳುಹಿಸುತ್ತಾರೆ. ಪರವಾನಗಿ ಇದ್ದೂ ಒರಟಾಗಿ ವರ್ತಿಸುವ ಹವ್ಯಾಸಿಗಳಿಲ್ಲವೆಂದಲ್ಲ. ಅವರಿಗೆ ಸಮಾನ ಹವ್ಯಾಸಿಗಳ ಮೌನವೇ ದಂಡನೆ. ಕರೆದರೂ ಯಾರೂ ಓಗೊಡುವುದಿಲ್ಲ. ಮಾತನಾಡುವುದಕ್ಕೆಂದೇ ಯಂತ್ರ ಹೂಡಿದವನಿಗೆ ಇದಕ್ಕಿಂತ ದೊಡ್ಡ ಜುಲ್ಮಾನೆ ಇನ್ನಾವುದು?

ನಮ್ಮ ಎರಡು ಯಂತ್ರಗಳ ಕಥೆ ಹೇಳಿಬಿಡುತ್ತೇನೆ. ಅವನ್ನು ಶಾಲೆಯ ಕಪಾಟಿನಲ್ಲಿ ಇಡೋಣವೆಂದು ಹುಡುಗರು ಹೇಳಿದರು. ಇಟ್ಟುಕೊಳ್ಳುವುದೇ ತಪ್ಪೆಂದು ತಿಳಿದ ಮೇಲೆ ಮಾರಿದವರಿಗೇ ಹಿಂದಿರುಗಿಸಿದೆವು. ಪರವಾನಗಿ ಬೇಡದ ಕಡಿಮೆ ಶಕ್ತಿಯ ಕೈಯಂತ್ರಗಳಿಗೆಂದು 2018ರಿಂದ 446 ಮೆಗಾಹರ್ಟ್ಸಿನ ಬಳಿ ಒಂದು ಸಣ್ಣ ಪಟ್ಟಿಯನ್ನು ಬಿಟ್ಟಿರುತ್ತಾರೆ. ಮೈದಾನದ ಒಂದು ಕೊನೆಯಿಂದ ಇನ್ನೊಂದಕ್ಕೆ ಅದು ಧಾರಾಳವಾಗಿ ಸಾಕು. ಕೇಳುವುದಕ್ಕಾದರೋ ಇಂದು ಸಾಮಾನ್ಯ ರೇಡಿಯೋ ಸಾಕು, ಪರವಾನಗಿಯ ಮಾತಿಲ್ಲ. ನನ್ನ ತಂದೆಯವರ ಕಾಲದಲ್ಲಿ ಮನೆಯ ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಾಗಿತ್ತು.

ಖಳನಾಯಕನ ಧಾಟಿಯಲ್ಲಿ ಉತ್ತರ ಕೊಟ್ಟ ಹುಡುಗನೀಗ ಹತ್ತನೆಯ ತರಗತಿಯಲ್ಲಿದ್ದಾನೆ. ಹವ್ಯಾಸಿ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದ್ದರೆ ಸಾಕೆಂದೂ, ಮೊದಲ ದರ್ಜೆಗೆ ಮೋರ್ಸ್ ಸಂಕೇತದ ಅಗತ್ಯವಿಲ್ಲವೆಂದೂ ತಿಳಿದ ದಿನದಿಂದ ಪುಸ್ತಕ ಹಿಡಿದಿದ್ದಾನೆ. ಸಂಜೆಯ ಹೊತ್ತು ಹಳೆಯ ಗ್ರಾಹಕವೊಂದರಲ್ಲಿ ನಲವತ್ತು ಮೀಟರಿನ ಪಟ್ಟಿಯನ್ನು ಹುಡುಕುತ್ತ, ಕೇಳಿದ ಕರೆಸಂಕೇತಗಳನ್ನು ನೋಟುಪುಸ್ತಕದಲ್ಲಿ ಬರೆಯುತ್ತಾನೆ. ಅಂದು ನಮ್ಮನ್ನು ತಡೆದ ಹಿರಿಯರ ದನಿ ಇನ್ನೂ ಅವನಿಗೆ ಸಿಕ್ಕಿಲ್ಲ. ಅವರು ಮಾತನಾಡುವುದು ಎರಡು ಮೀಟರಿನಲ್ಲಿ, ಈ ಗ್ರಾಹಕವು ಅಷ್ಟು ಮೇಲಕ್ಕೆ ಮುಟ್ಟುವುದಿಲ್ಲವೆಂದು ಹೇಳಿದರೂ ದಿನವೂ ಹುಡುಕುತ್ತಾನೆ. ಸಿಕ್ಕಿದರೆ ಏನು ಹೇಳುವೆಯೆಂದು ಕೇಳಿದೆನು. “ಮೊದಲು ನನ್ನ ಕರೆಸಂಕೇತ ಹೇಳುತ್ತೇನೆ, ಸಾರ್” ಎಂದನು.